ಏಳನೆಯ ತಿರುವಿನ ಜಾಲರಿ

ರೇಸ್ ಟ್ರ್ಯಾಕಿನಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಸ್ಪೀಡಿನಲ್ಲಿ ಓಡಿಸಿದ್ದೀರಿ?’ ಇಪ್ಪತ್ತೊಂದು ವರ್ಷ ಆ ಟ್ರ್ಯಾಕಿನ ಮೇಲೆ ನಾನು ಓಡಿಸಿದ್ದು ಹೆಚ್ಚಾಗಿ ಹಿಡಿಸೂಡಿ. ಆಮೇಲೆ ಗುಡಿಸುವ ಯಂತ್ರ ಬಂತು. ಅದರ ಪಕ್ಕದಲ್ಲಿ ಒಬ್ಬ ಆರಾಮವಾಗಿ ನಡೆದು ಹೋಗಬಹುದಿತ್ತು.

ಈಚೆಗೆ ನಮ್ಮ ಕರಾವಳಿಯ ನಾಲ್ಕಾರು ಮಂದಿ ಯುವಕರು ದುಬೈ, ಅಬುಧಾಬಿಯ ಟ್ರ್ಯಾಕುಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ. ಇಲ್ಲಿನ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ನಿಮ್ಮ ಅನುಭವ ಬರೆದು ಕೊಡಿ, ನಮಗೆ ಪ್ರಯೋಜನವಾಗುತ್ತದೆ ಎಂದು ಕೇಳಿದರು. ಸಾಧಕರ ಸಾಲಿನಲ್ಲಿ ನನ್ನದೊಂದು ಫೋಟೊ ಹಾಕುವ ಆಸೆಯೂ ಅವರಿಗೆ ಇದ್ದಂತಿತ್ತು. ಫೋಟೊ ಬೇಡ. ಯಾವ ವರ್ಷ ಸೂಪರ್‌ವೈಸರ್ ಆದೆ, ಯಾವ ವರ್ಷ ಮ್ಯಾನೇಜರ್ ಆದೆ ಎಂಬುದನ್ನೂ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ನಾನು ಸೈಮನ್, ಶಿರ್ವದ ಕಡೆಯವನು. ಈ ದೇಶಕ್ಕೆ ಬಂದಾಗ ಅಬುಧಾಬಿಯ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡರ್ ಆಗಿದ್ದೆ. ರೇಸ್ ಟ್ರ್ಯಾಕಿನ ತಡೆಬೇಲಿಗಳು ನಮ್ಮ ಶೆಡ್ಡಿನಲ್ಲಿ ತಯಾರಾದವು. ಅವನ್ನು ನಿಲ್ಲಿಸಲು ಹೋದವನು ಅಲ್ಲಿಯೇ ಉಳಿದೆ. ಟ್ರ್ಯಾಕಿನ ಹೆಸರು ಹೇಳುವುದಿಲ್ಲ.

ನಮ್ಮ ವಿಭಾಗದ ಕೆಲಸ ಟೀವಿಯಲ್ಲಿ ಕಾಣುವುದಲ್ಲ. ಡಾಂಬರಿನ ಮೇಲಿನ ಮರಳು ಗುಡಿಸುವುದು, ಚೆಲ್ಲಿದ ಆಯಿಲ್ ಒರೆಸುವುದು, ತಿರುವುಗಳ ಅಂಚಿಗೆ ಕೆಂಪು ಬಿಳಿ ಬಣ್ಣ ಹೊಡೆಯುವುದು, ಕಾರು ಗುದ್ದಿ ಚದುರಿಸಿದ ಟಯರ್ ಗೋಡೆಯನ್ನು ಮತ್ತೆ ಕಟ್ಟುವುದು, ಚರಂಡಿ ನೋಡಿಕೊಳ್ಳುವುದು. ಮರುಭೂಮಿಯಲ್ಲಿ ಚರಂಡಿ ಯಾಕೆ ಎಂದು ನಾನೂ ಮೊದಲು ನಕ್ಕಿದ್ದೆ.

ನನ್ನ ಮೊದಲ ಮೇಲಧಿಕಾರಿ ಕಾಲಿನ್, ಸ್ಕಾಟ್ಲೆಂಡಿನವನು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಇಡೀ ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ಒಂದು ಸುತ್ತು ಹಾಕುತ್ತಿದ್ದ. ಆಗಸ್ಟಿನ ಬಿಸಿಲಿನಲ್ಲೂ ಬಿಡುತ್ತಿರಲಿಲ್ಲ. ‘ಗಾಡಿಯಲ್ಲಿ ಕೂತವನಿಗೆ ರಸ್ತೆ ಕಾಣುವುದಿಲ್ಲ’ ಎನ್ನುತ್ತಿದ್ದ. ನಮ್ಮನ್ನೂ ನಡೆಸುತ್ತಿದ್ದ. ನಡೆದು ಬಂದವನು ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆಯಬೇಕು. ‘ಎಲ್ಲ ಸರಿ ಇದೆ’ ಎಂದು ಬರೆದರೆ ಸಿಟ್ಟಾಗುತ್ತಿದ್ದ. ಏನು ನೋಡಿದೆಯೋ ಅದನ್ನು ಬರೆ, ಸರಿಯೋ ತಪ್ಪೋ ನಾನು ಹೇಳುತ್ತೇನೆ ಎನ್ನುತ್ತಿದ್ದ. ಆ ಮನುಷ್ಯನನ್ನು ನಾವು ಕ್ಯಾಂಪಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದೆವು.

ಅವನ ಕೈಯಲ್ಲಿ ನಾನು ಒಮ್ಮೆ ಸರಿಯಾಗಿ ಸಿಕ್ಕಿಬಿದ್ದೆ. ಆಯಿಲ್ ಚೆಲ್ಲಿದರೆ ಅದರ ಮೇಲೆ ಸಿಮೆಂಟಿನ ಪುಡಿ ಹಾಕಿ, ಹೀರಿದ ಮೇಲೆ ಗುಡಿಸಿ ತೆಗೆಯುವುದು ಕ್ರಮ. ಒಂದು ಸಂಜೆ ಧಾರಾಳವಾಗಿ ಒಂದು ಚೀಲ ಸುರಿದು, ನಾಳೆ ಗುಡಿಸಿದರಾಯಿತು ಎಂದು ಬಸ್ಸು ಹತ್ತಿದೆ. ಚಳಿಗಾಲದಲ್ಲಿ ಇಲ್ಲಿ ಇಬ್ಬನಿ ಹೇಗೆ ಬೀಳುತ್ತದೆ ಎಂಬುದು ಇಲ್ಲಿದ್ದವರಿಗೆ ಗೊತ್ತು. ಬೆಳಿಗ್ಗೆ ನೋಡಿದರೆ ಡಾಂಬರಿನ ಮೇಲೆ ದೋಸೆಯಂತೆ ಸಿಮೆಂಟು ಗಟ್ಟಿಯಾಗಿ ಕೂತಿತ್ತು. ಕಾಲಿನ್ ಬೈಯಲಿಲ್ಲ. ಒಂದು ಚಾಣ, ಒಂದು ಸುತ್ತಿಗೆ ತಂದು ನನ್ನ ಮುಂದಿಟ್ಟ. ಮೂರು ತಂಡಗಳ ಮೆಕ್ಯಾನಿಕ್‌ಗಳು ಚಹಾ ಕುಡಿಯುತ್ತಾ ನೋಡುತ್ತಿರುವಾಗ ನಾನು ಮಂಡಿಯೂರಿ ಅದನ್ನು ಕೆತ್ತಿ ತೆಗೆದೆ. ‘ಈ ಊರಿನಲ್ಲಿ ನೀರು ಇಲ್ಲ ಅಂತ ನೀನು ಅಂದುಕೊಂಡೆ’ ಎಂದು ಅವನು ಹೇಳಿದ. ಅಷ್ಟೇ. ನನಗೆ ಅವಮಾನವಾಯಿತು, ಆದರೆ ಬುದ್ಧಿ ಬರಲಿಲ್ಲ.

ಭಾಸ್ಕರ ಬಂದದ್ದು ಅದರ ಮರುವರ್ಷ. ಗಂಗೊಳ್ಳಿಯವನು, ನನಗಿಂತ ಆರು ವರ್ಷ ಚಿಕ್ಕವನು. ಊರಿನಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದವನು ಇಲ್ಲಿಗೆ ಬಂದು ದುಬೈಯ ಸತ್ವಾದಲ್ಲಿ ಒಂದು ಟಾರ್ಪಾಲಿನ ಅಂಗಡಿಯಲ್ಲಿ ಹೊಲಿಗೆ ಮಾಡುತ್ತಿದ್ದ. ನಮ್ಮ ಮನೆಮಾತು ಕೊಂಕಣಿ, ಅವನದು ಕುಂದಾಪುರದ ಕನ್ನಡ. ಹಾಗಾಗಿ ಇಬ್ಬರ ನಡುವೆ ನಡೆಯುತ್ತಿದ್ದದ್ದು ಕನ್ನಡ. ಆ ಟ್ರ್ಯಾಕಿನಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಕ್ರೈಸ್ತರನ್ನು ಗೌರವದಿಂದ ಕರೆಯುವ ನಮ್ಮ ಕಡೆಯ ರೂಢಿಯಂತೆ ನನ್ನನ್ನು ‘ಪರ್ಬುಗಳೇ’ ಎಂದು ಕರೆಯುತ್ತಿದ್ದ. ತಮಾಷೆಗೆ ‘ತಾಂಡೇಲರೇ’ ಎನ್ನುವುದೂ ಇತ್ತು. ಬೋಟಿನಲ್ಲಿ ಎಲ್ಲರಿಗೂ ಹೇಳುವವನು, ಎಲ್ಲರ ಜೀವಕ್ಕೆ ಹೊಣೆಯಾದವನು ತಾಂಡೇಲ.

ಅವನಿಗೆ ಎರಡು ಅಭ್ಯಾಸಗಳಿದ್ದವು. ಬಸ್ಸಿನಿಂದ ಇಳಿದ ಕೂಡಲೇ ಆಕಾಶ ನೋಡುವುದು ಒಂದು. ಯಾವ ಕೆಲಸಕ್ಕೂ ಕೈ ಹಾಕುವ ಮೊದಲು ಕೇಳುವುದು ಇನ್ನೊಂದು. ‘ಪರ್ಬುಗಳೇ, ಶುರು ಮಾಡ್ಲಾ?’ ‘ಪರ್ಬುಗಳೇ, ಇದನ್ನ್ ತೆಗಿಲಾ?’ ನನಗೆ ಕಿರಿಕಿರಿಯಾಗಿ ಒಮ್ಮೆ ರೇಗಿದೆ.

“ಎಲ್ಲದಕ್ಕೂ ಎಂತ ಕೇಳುದು ಮಾರಾಯ? ಮಾಡ್ಲಿಕ್ಕೆ ಗೊತ್ತುಂಟಲ್ಲ ನಿಂಗೆ.”

“ಗೊತ್ತಿತ್ತ್. ಆದ್ರೂ ಕೇಣ್ಕ್. ಬೋಟಂಗೆ ತಾಂಡೇಲನ್ ಕೇಣ್ದೇ ಬಲಿಗೆ ಕೈ ಹಾಕ್ರೆ ಒಬ್ಬ ನೀರಿಗ್ ಹೋಪುದೇ” ಎಂದ. ತಾಂಡೇಲನನ್ನು ಕೇಳದೆ ಬಲೆಗೆ ಕೈ ಹಾಕಿದ ಅವನ ಚಿಕ್ಕಪ್ಪ ಹಾಗೆಯೇ ನೀರುಪಾಲಾದವನಂತೆ.

ಈಗ ಚರಂಡಿಯ ವಿಷಯ. ಬೇಸಿಗೆಯಲ್ಲಿ ಇಲ್ಲಿ ಬೀಸುವ ಗಾಳಿ ಮರಳನ್ನು ಎಲ್ಲಿಗೆಲ್ಲ ತುಂಬುತ್ತದೆ ಎಂದು ಹೇಳಬೇಕಾಗಿಲ್ಲ. ಟ್ರ್ಯಾಕಿನ ಅಂಚಿನಲ್ಲಿ ನೀರು ಇಳಿಯಲು ಕಬ್ಬಿಣದ ಜಾಲರಿಗಳಿದ್ದವು. ಪ್ರತಿ ಬೇಸಿಗೆಯಲ್ಲಿ ಅವುಗಳೊಳಗೆ ಮರಳು ತುಂಬಿ, ಪ್ರತಿ ನವೆಂಬರಿನಲ್ಲಿ ನಾವು ಬಗ್ಗಿ ಬಗ್ಗಿ ತೋಡಿ ತೆಗೆಯುತ್ತಿದ್ದೆವು. ಸೊಂಟ ಮುರಿಯುವ ಕೆಲಸ. ಇದಕ್ಕೊಂದು ಉಪಾಯ ಹುಡುಕಿದವನು ನಾನೇ. ಹಿಂದಿನ ವರ್ಷದ ಜಾಹೀರಾತಿನ ಫ್ಲೆಕ್ಸ್‌ಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಅವನ್ನು ಕತ್ತರಿಸಿ ಜಾಲರಿಯ ಮೇಲೆ ಹಾಸಿ, ಸರಳುಗಳಿಗೆ ನೈಲಾನ್ ಹಗ್ಗದಿಂದ ಕಟ್ಟಿಬಿಟ್ಟರೆ ಮರಳು ಒಳಗೆ ಇಳಿಯುವುದಿಲ್ಲ. ಕಟ್ಟಿದವನು ಭಾಸ್ಕರ. ಅವನದು ಬಲೆಯ ಗಂಟು, ಎಳೆದಷ್ಟೂ ಬಿಗಿಯಾಗುವಂಥದ್ದು. ಎಂಥ ಗಾಳಿಗೂ ಒಂದು ತುಂಡು ಕಿತ್ತು ಹೋಗಲಿಲ್ಲ. ಕಾಲಿನ್ ನೋಡಿ ತಲೆಯಾಡಿಸಿದ. ‘ನವೆಂಬರಿನಲ್ಲಿ ಬಿಚ್ಚುತ್ತೀರಲ್ಲ?’ ಎಂದು ಮಾತ್ರ ಕೇಳಿದ.

ಮೊದಲ ಎರಡು ವರ್ಷ ಬಿಚ್ಚಿದೆವು. ಮೂರನೆಯ ವರ್ಷ ಕೆಲವನ್ನು ಬಿಚ್ಚಿದೆವು. ಆಮೇಲೆ ಯಾರೂ ಬಿಚ್ಚಲಿಲ್ಲ. ಮಳೆಯೇ ಬರುವುದಿಲ್ಲ, ಬಂದರೆ ಡಾಂಬರು ಒದ್ದೆಯಾಗುವಷ್ಟು. ಬಿಚ್ಚಿ ಮತ್ತೆ ಕಟ್ಟುವ ಉಸಾಬರಿ ಯಾರಿಗೆ ಬೇಕು? ಮೇಲಿನಿಂದ ಬೂದು ಬಣ್ಣ ಹೊಡೆದ ಮೇಲೆ ಅಲ್ಲಿ ಫ್ಲೆಕ್ಸ್ ಇದೆ ಎಂಬುದೂ ಕಾಣುತ್ತಿರಲಿಲ್ಲ. ಕರಾವಳಿಯಲ್ಲಿ ಹುಟ್ಟಿದವರು ನಾವು. ಮಳೆಗಾಲಕ್ಕೆ ಮುಂಚೆ ತೋಡು ಬಿಡಿಸದಿದ್ದರೆ ಅಂಗಳದಲ್ಲಿ ನೀರು ನಿಲ್ಲುತ್ತದೆ ಎಂದು ಮಗುವಿಗೂ ಗೊತ್ತಿರುವ ಊರಿನವರು. ನೀರಿನ ದಾರಿಯನ್ನು ನಾವೇ ಕೈಯಾರೆ ಕಟ್ಟಿ ಮುಚ್ಚಿದೆವು.

ಅದೇ ಹೊತ್ತಿಗೆ ನೋಟ್‌ಬುಕ್ ಹೋಗಿ ಟ್ಯಾಬ್ಲೆಟ್ ಬಂತು. ಬರೆಯುವುದು ಹೋಯಿತು, ಗುರುತು ಹಾಕುವುದು ಬಂತು. ‘ನೀರಿನ ದಾರಿ ತೆರೆದಿದೆ’ ಎಂದು ಒಂದು ಸಾಲು, ಅದರ ಮುಂದೊಂದು ಚೌಕ. ಬೆರಳು ತಾಗಿಸಿದರೆ ಹಸಿರು ಗುರುತು. ಆಗ ನಾನು ಪಿಕಪ್ಪಿನಲ್ಲಿ ಎಸಿ ಹಾಕಿಕೊಂಡು ಸುತ್ತುತ್ತಿದ್ದೆ. ಇಪ್ಪತ್ತಾರು ಚೌಕಗಳನ್ನು ಮುಗಿಸಲು ಒಂದು ಲೋಟ ಸುಲೈಮಾನಿ ಚಹಾ ಕುಡಿಯುವಷ್ಟು ಹೊತ್ತು ಸಾಕಾಗುತ್ತಿತ್ತು. ಕಾಲಿನ್ ಬೇರೆ ಕೆಲಸಗಳಲ್ಲಿ ಸಿಕ್ಕಿಕೊಂಡಿದ್ದ, ಮಂಡಿ ನೋವು ಬೇರೆ. ಅವನಿಗೆ ನನ್ನ ಮೇಲೆ ನಂಬಿಕೆಯಿತ್ತು.

ಒಂದು ಫೆಬ್ರುವರಿಯಲ್ಲಿ ನಮ್ಮಲ್ಲಿಗೆ ಸ್ಟಾಕ್ ಕಾರುಗಳು ಬಂದವು. ನೋಡಲು ಮನೆಯ ಕಾರಿನಂತೆ ಮೇಲೆ ಮುಚ್ಚಿಕೊಂಡ ಕಾರುಗಳು. ಆದರೆ ಒಂದೂವರೆ ಟನ್ ತೂಕ, ಎದೆ ನಡುಗಿಸುವ ಎಂಜಿನ್. ಅವುಗಳ ಊರಿನಲ್ಲಿ ಅವು ಹೆಚ್ಚಾಗಿ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಒಂದೇ ಕಡೆಗೆ ತಿರುಗುತ್ತಾ ಓಡುತ್ತವೆ, ಮಳೆ ಬಂದರೆ ರೇಸು ನಿಲ್ಲಿಸುತ್ತಾರೆ. ನಮ್ಮದು ಎಡಕ್ಕೂ ಬಲಕ್ಕೂ ತಿರುವುಗಳಿರುವ ರಸ್ತೆಯಂಥ ಟ್ರ್ಯಾಕು. ಇಂಥದರಲ್ಲಿ ಮಳೆಯ ಟಯರ್ ಹಾಕಿ ಓಡಿಸಬಹುದು ಎಂಬುದು ನಿಯಮ. ಪ್ರತಿ ತಂಡವೂ ನಿಯಮಕ್ಕೆಂದು ಒಂದೊಂದು ಸೆಟ್ ಮಳೆಯ ಟಯರ್ ತಂದಿತ್ತು. ಅವು ಕಂಟೇನರಿನ ತಳದಲ್ಲಿದ್ದವು.

ರೇಸಿನ ದಿನ ಬೆಳಿಗ್ಗೆ ಭಾಸ್ಕರ ಬಸ್ಸಿನಿಂದ ಇಳಿದು ಎಂದಿನಂತೆ ಮೇಲೆ ನೋಡಿದ. ಆಮೇಲೆ ನನ್ನ ಪಿಕಪ್ಪಿನ ಹತ್ತಿರ ಬಂದ.

“ಹ್ವಾಯ್ ಪರ್ಬುಗಳೇ, ಮೋಡ ಕಾಣಿ. ಇದ್ ಸುಮ್ನೆ ಹೋಪ ಮೋಡ ಅಲ್ಲ. ಏಳನೇ ತಿರ್ವಿನ ಜಾಲರಿ ಆದ್ರೂ ಬಿಚ್ಚುವನಾ?”

ಏಳನೆಯ ತಿರುವು ಇಡೀ ಟ್ರ್ಯಾಕಿನಲ್ಲಿ ತಗ್ಗಿನ ಜಾಗ. ನೀರು ಬಂದರೆ ಎಲ್ಲ ಕಡೆಯಿಂದ ಅಲ್ಲಿಗೇ ಬರಬೇಕು. ನನಗೂ ಗೊತ್ತಿತ್ತು.

“ಇವತ್ತಾ? ಟೀವಿಯವರು ಕ್ಯಾಮೆರಾ ಇಟ್ಟು ಕೂತಿದ್ದಾರೆ. ಅವರೆದುರು ಹರಕಲು ಫ್ಲೆಕ್ಸ್ ಕಿತ್ತರೆ ಕಾಲಿನ್ ನನ್ನ ತಲೆ ತೆಗಿತಾನೆ. ಇಷ್ಟು ವರ್ಷ ಬಿಚ್ಚಲೇ ಇಲ್ಲ ಅಂತ ಗೊತ್ತಾಗ್ತದೆ. ಖಲಾಸ್, ಬಿಡು.”

“ನೀವ್ ಹೇಳ್ದಾಂಗೆ” ಎಂದು ಹೋದ. ನಾನು ಟ್ಯಾಬ್ಲೆಟ್ ತೆಗೆದು ಚೌಕದ ಮೇಲೆ ಬೆರಳು ತಾಗಿಸಿದೆ.

ಐವತ್ತು ಸುತ್ತುಗಳ ರೇಸು. ಅರ್ಧ ದಾಟಿದರೆ, ಆಮೇಲೆ ಯಾವ ಕಾರಣಕ್ಕೆ ನಿಂತರೂ ಫಲಿತಾಂಶ ಗಟ್ಟಿ. ಅರ್ಧಕ್ಕೆ ಮೊದಲು ನಿಂತರೆ ರೇಸು ಆದಂತೆಯೇ ಅಲ್ಲ. ಇಪ್ಪತ್ತೆರಡನೆಯ ಸುತ್ತಿನಲ್ಲಿ ಹನಿ ಬಿತ್ತು. ಪ್ರೇಕ್ಷಕರು ಎದ್ದು ಕುಣಿದರು. ಮಳೆ ಕಂಡರೆ ಇಲ್ಲಿ ಎಲ್ಲರಿಗೂ ಹಬ್ಬ. ಎರಡು ನಿಮಿಷದಲ್ಲಿ ನಮ್ಮೂರಿನ ಜುಲೈ ತಿಂಗಳಿನಂಥ ಮಳೆ ಹೊಯ್ಯತೊಡಗಿತು. ಕೆಂಪು ಬಾವುಟ ತೋರಿಸಿದರು. ಕಾರುಗಳು ಒಳಗೆ ಬಂದು ಸಾಲಾಗಿ ನಿಂತವು. ತಂಡದವರು ಕಂಟೇನರಿನ ತಳದಿಂದ ಮಳೆಯ ಟಯರುಗಳನ್ನು ಎಳೆದು ತಂದರು. ಕೆಲವು ಕಾರುಗಳಿಗೆ ವೈಪರೇ ಇರಲಿಲ್ಲ, ಅಲ್ಲೇ ಸ್ಕ್ರೂ ಹಾಕಿ ಕೂಡಿಸಿದರು.

ಸುಮಾರು ಇಪ್ಪತ್ತು ನಿಮಿಷದಲ್ಲಿ ಮಳೆಯ ರಭಸ ಇಳಿಯಿತು. ನಾನು ಕಂಟ್ರೋಲ್ ರೂಮಿನಲ್ಲಿ, ರೇಸು ಬಿಡುವ ನಿಲ್ಲಿಸುವ ಅಧಿಕಾರವಿದ್ದ ರೇಸ್ ಡೈರೆಕ್ಟರನ ಹಿಂದೆ ನಿಂತಿದ್ದೆ. ನನ್ನ ಕೈಯಲ್ಲಿ ನಮ್ಮ ವಿಭಾಗದ ವಾಕಿಟಾಕಿ. ಭಾಸ್ಕರ ಏಳನೆಯ ತಿರುವಿನ ತಡೆಬೇಲಿಯ ಹಿಂದೆ ಇದ್ದ. ಆ ದಿನ ನಮ್ಮ ನಡುವೆ ನಡೆದ ಮಾತುಗಳನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ.

“ಪರ್ಬುಗಳೇ, ಇಲ್ಲ್ ನೀರ್ ಇಳಿತಿಲ್ಲ. ಮೊಣಗಂಟ್ ತನಕ ನಿಂತಿತ್ತ್. ಫ್ಲೆಕ್ಸ್ ಕೊಯ್ಕ್. ಒಳಗ್ ಹೋಗ್ಲಾ?”

“ಹೋಗು. ನಾನು ಹೇಳುವವರೆಗೆ ಗಾಡಿ ಬಿಡುದಿಲ್ಲ. ಬೇಗ ಮುಗಿಸು.”

ಅವನು ಒಳಗೆ ಹೋದ. ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಎದುರಿಗೆ ಕೂತಿದ್ದ ಡೈರೆಕ್ಟರನ ಭುಜ ಮುಟ್ಟಿ, ಏಳರಲ್ಲಿ ನಮ್ಮವನೊಬ್ಬ ಇದ್ದಾನೆ, ತಡೆಯಿರಿ ಎನ್ನಬೇಕಿತ್ತು. ಹಾಗೆ ಹೇಳಿದರೆ ಯಾಕೆ ಇದ್ದಾನೆ ಎಂದು ಅವನು ಕೇಳುತ್ತಾನೆ. ಜಾಲರಿ ಮುಚ್ಚಿದೆ ಎನ್ನಬೇಕು. ಬೆಳಿಗ್ಗೆ ಹಸಿರು ಗುರುತು ಹಾಕಿದ್ದೀಯಲ್ಲ ಎನ್ನುತ್ತಾನೆ. ಆ ಕೋಣೆಯಲ್ಲಿ ಹನ್ನೊಂದು ಜನರಿದ್ದರು, ಕಾಲಿನ್ ಬಾಗಿಲ ಹತ್ತಿರ ನಿಂತಿದ್ದ. ನನ್ನ ಬಾಯಿ ಏಳಲಿಲ್ಲ. ಇನ್ನೆರಡು ನಿಮಿಷದಲ್ಲಿ ಭಾಸ್ಕರ ಮುಗಿಸುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ.

ರೇಸ್ ಡೈರೆಕ್ಟರ್ ಕಾರುಗಳನ್ನು ಬಿಡಿಸಿದ. ಮೊದಲ ಮೂರು ಸುತ್ತು ಎಲ್ಲರ ಮುಂದೆ ಸಾಗುವ ಸೇಫ್ಟಿ ಕಾರಿನ ಹಿಂದೆ, ಒಬ್ಬರನ್ನೊಬ್ಬರು ಹಿಂದಿಕ್ಕದೆ, ನಿಧಾನವಾಗಿ. ನಾನು ಭಾಸ್ಕರನಿಗೆ ಹೇಳಿದೆ.

“ಗಾಡಿ ಹೊರಟಿತು. ಸೇಫ್ಟಿ ಕಾರಿನ ಹಿಂದೆ ಉಂಟು, ಮೆಲ್ಲ ಬರ್ತವೆ. ಹೆದರ್ಬೇಡ, ಬೇಗ ಮಾಡು.”

“ಎರಡ್ ಗಂಟ್ ಬಾಕಿ ಇತ್ತ್ ಪರ್ಬುಗಳೇ. ನನ್ ಗಂಟೇ, ಬಿಡುದಿಲ್ಲ ಇದ್.” ಅವನು ನಗುತ್ತಿದ್ದ.

ಜಾಲರಿ ಇದ್ದದ್ದು ಡಾಂಬರಿನ ಅಂಚಿನಲ್ಲಿ, ತಡೆಬೇಲಿಯಿಂದ ಏಳೆಂಟು ಹೆಜ್ಜೆ ಒಳಗೆ. ಬಾವುಟ ತೋರಿಸುವವನು ತಿರುವಿನ ಆಚೆ ಬದಿಗಿದ್ದ. ಕಾರುಗಳು ಎಬ್ಬಿಸಿದ ನೀರಿನ ಮಂಜಿನಲ್ಲಿ ನೆಲದಲ್ಲಿ ಕೂತಿದ್ದ ಒಬ್ಬ ಮನುಷ್ಯ ಅವನಿಗೂ ಕಾರಿನವರಿಗೂ ಕಾಣಲಿಲ್ಲ. ಅರ್ಧ ದಾಟಿತು. ಮಳೆ ಮತ್ತೆ ಜೋರಾಗುವ ಮೊದಲು ನಾಲ್ಕು ಸುತ್ತಾದರೂ ನಿಜವಾದ ರೇಸು ಆಗಲಿ ಎಂದು ಯಾರೋ ಹೇಳಿದರು. ರೇಸ್ ಡೈರೆಕ್ಟರ್ ತಲೆ ತಿರುಗಿಸದೆಯೇ ಕೇಳಿದ, “ಸೈಮನ್, ಏಳು ಸರಿ ಇದೆಯಾ?”

ಭಾಸ್ಕರನನ್ನು ಕರೆಯಲೆಂದು ವಾಕಿಟಾಕಿಯ ಗುಂಡಿಯ ಮೇಲೆ ಬೆರಳು ಇಟ್ಟಿದ್ದೆ. ಸಾಹೇಬ ಕೇಳಿದನಲ್ಲ, ಮೊದಲು ಅವನಿಗೆ ಉತ್ತರ ಕೊಟ್ಟೆ. “ಸರಿ ಇದೆ” ಎಂದೆ.

ಹಸಿರು ಬಾವುಟ ಬಿತ್ತು, ಕಾರುಗಳು ವೇಗ ಹಿಡಿದವು. “ಭಾಸ್ಕರ, ಹೊರಗೆ ಬಾ” ಎಂದು ನಾನು ಹೇಳಿದೆ. “ಒಂದೇ ಗಂಟ್” ಎಂದ. ಸಾಲಿನ ಮಧ್ಯದಲ್ಲಿದ್ದ ಒಂದು ಕಾರು ಏಳಕ್ಕೆ ಬಂದು, ನಿಂತ ನೀರಿನ ಮೇಲೆ ತೇಲಿ, ಅಡ್ಡಡ್ಡ ಜಾರಿತು. ಪರದೆಯ ಮೇಲೆ ನಾನು ಕಂಡದ್ದು ಬಿಳಿಯ ನೀರು ಮಾತ್ರ.

ಕೆಂಪು ಬಾವುಟ ಮತ್ತೆ ಬಂತು. ನಾನು ಪಿಕಪ್ಪಿನಲ್ಲಿ ಏಳಕ್ಕೆ ಮುಟ್ಟಿದಾಗ ಆಂಬುಲೆನ್ಸಿನವರು ಅವನನ್ನು ಸುತ್ತಿಕೊಂಡಿದ್ದರು. ಅವನ ಬಲಗಾಲು ಕಾಲಿನಂತಿರಲಿಲ್ಲ. ಕೈಯಲ್ಲಿ ಕಟ್ಟರ್ ಇನ್ನೂ ಇತ್ತು, ಬೆರಳು ಬಿಡಿಸಿ ತೆಗೆದರು. ಕೊನೆಯ ಗಂಟನ್ನು ಅವನು ಕೊಯ್ದಿದ್ದ. ಫ್ಲೆಕ್ಸ್ ಒಂದು ಬದಿಗೆ ಮಗುಚಿತ್ತು, ಜಾಲರಿಯೊಳಗೆ ನೀರು ಗಳಗಳ ಇಳಿಯುತ್ತಿತ್ತು. ನಾನು ನಿಂತು ನೋಡುತ್ತಿರುವಾಗಲೇ ಏಳನೆಯ ತಿರುವು ಬರಿದಾಯಿತು.

ಅರ್ಧ ದಾಟಿದ್ದರಿಂದ ಮಳೆಯ ಕಾರಣಕ್ಕೆ ರೇಸು ಮೊಟಕುಗೊಳಿಸಲಾಗಿದೆ ಎಂದು ಘೋಷಿಸಿದರು. ಡೇರೆಯ ಅಡಿಯಲ್ಲಿ ಬಹುಮಾನ ಕೊಟ್ಟರು. ಗೆದ್ದ ಮೂವರು ಬಾಟಲಿ ಅಲುಗಿಸಿ ಒಬ್ಬರ ಮೇಲೊಬ್ಬರು, ಇಲ್ಲಿ ಶಾಂಪೇನಿನ ಬದಲಿಗೆ ಕೊಡುವ ಪನ್ನೀರಿನ ನೊರೆ ಚಿಮ್ಮಿಸಿದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ನಾನು ಆ ಡೇರೆಯ ನೀರು ಬಸಿಯುವ ಕೆಲಸಕ್ಕೆ ನಿಂತೆ. ಏನಾದರೂ ಮಾಡುತ್ತಿರದಿದ್ದರೆ ಹುಚ್ಚು ಹಿಡಿಯುತ್ತದೆ ಅನ್ನಿಸಿತ್ತು.

ವಿಚಾರಣೆ ನಡೆಯಿತು. ನಮ್ಮ ವಾಕಿಟಾಕಿಯ ಮಾತೆಲ್ಲ ರೆಕಾರ್ಡ್ ಆಗಿತ್ತು. ಎರಡು ದಿನ ಅದನ್ನು ಕೇಳಿಸಿಕೊಂಡು ಕೂತರು, ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆಫೀಸಿನಲ್ಲಿದ್ದ ಕೇರಳದವರೊಬ್ಬರು ಪ್ರಯತ್ನ ಮಾಡಿ ಕೈಬಿಟ್ಟರು. ಕೊನೆಗೆ ನನ್ನನ್ನೇ ಕರೆದರು. ಒಂದು ಕೋಣೆ, ಒಂದು ಹೆಡ್‌ಫೋನ್, ಬಿಳಿ ಹಾಳೆ, ಪೆನ್ನು. “ನಿಮ್ಮ ಭಾಷೆಯಲ್ಲವೇ, ಇಂಗ್ಲಿಷಿನಲ್ಲಿ ಬರೆದುಕೊಡಿ” ಎಂದರು. ತಪ್ಪು ಮಾಡಿದವನ ಕೈಗೇ ಸಾಕ್ಷಿಯನ್ನು ಕೊಟ್ಟು ಬಾಗಿಲು ಮುಚ್ಚಿಕೊಂಡು ಹೋದರು.

‘ಒಳಗೆ ಹೋಗಲಾ’ ಎಂದು ಅವನು ಕೇಳಿದ್ದನ್ನು ‘ಒಳಗೆ ಹೋಗುತ್ತಿದ್ದೇನೆ’ ಎಂದು ಬರೆದೆ. ‘ಹೋಗು’ ಎಂದು ನಾನು ಹೇಳಿದ್ದನ್ನು ‘ಬೇಡ, ಅಲ್ಲೇ ನಿಲ್ಲು’ ಎಂದು ಬರೆದೆ. ‘ಹೆದರಬೇಡ, ಬೇಗ ಮಾಡು’ ಎಂಬುದು ‘ಕಾರು ಬರುತ್ತಿದೆ, ಕೂಡಲೇ ಹೊರಗೆ ಬಾ’ ಎಂದಾಯಿತು. ಫ್ಲೆಕ್ಸಿನ ಮಾತು, ಗಂಟಿನ ಮಾತು ಎರಡನ್ನೂ ಬಿಟ್ಟೆ. ಹೆಡ್‌ಫೋನಿನಲ್ಲಿ ಅವನ ನಗು ಕೇಳುತ್ತಲೇ ಇತ್ತು. ಬರೆದು ಮುಗಿಸಿ ಕೆಳಗೆ ಸಹಿ ಹಾಕಿದೆ. ಅನುಮತಿಯಿಲ್ಲದೆ ಟ್ರ್ಯಾಕಿಗೆ ಇಳಿದದ್ದು ಕಾರಣ ಎಂದು ವರದಿ ಬಂತು. ಜಾಲರಿಯ ಮೇಲಿನ ಫ್ಲೆಕ್ಸನ್ನು ಮಳೆಗಾಳಿಗೆ ಹಾರಿ ಬಂದದ್ದು ಎಂದುಕೊಂಡರು. ಉಳಿದವನ್ನು ನಾನು ಆ ವಾರವೇ ಬಿಚ್ಚಿಸಿ ಸುಡಿಸಿದೆ. ಅಂದಿನಿಂದ ವಾಕಿಟಾಕಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾಫಿ, ಅಂದರೆ ಇಲ್ಲವೇ ಇಲ್ಲ ಎಂದು ಹೊಸ ನಿಯಮವಾಯಿತು. ಈಗ ಕೆಲಸಕ್ಕೆ ಸೇರುವವರು ಆ ನಿಯಮಕ್ಕೆ ಗೊಣಗುತ್ತಾರೆ. ಅದು ಬಂದದ್ದು ನನ್ನಿಂದ.

ಕಾಲಿನ್ ಒಮ್ಮೆ ಮಾತ್ರ ನನ್ನನ್ನು ಕರೆದು ಕೇಳಿದ. “ಆ ಬೆಳಿಗ್ಗೆ ನೀನು ಟ್ರ್ಯಾಕು ನಡೆದಿದ್ದೆಯಾ?” ನಡೆದಿದ್ದೆ ಎಂದೆ. ಅವನು ನನ್ನ ಷೂ ನೋಡಿದ, ಮುಖ ನೋಡಲಿಲ್ಲ. ಆ ವರ್ಷವೇ ಕೆಲಸ ಬಿಟ್ಟು ಊರಿಗೆ ಹೊರಟಾಗ ಎಲ್ಲರ ಕೈ ಕುಲುಕಿ, ನನ್ನ ಮುಂದೆ ಬಂದಾಗ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡ. ಅವನ ಕುರ್ಚಿಗೆ ನನ್ನನ್ನು ಕೂಡಿಸಿದರು. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ ಎಂದು ನಾನು ಹೇಳಿದ್ದು ಇದಕ್ಕೆ.

ಆಸ್ಪತ್ರೆಯಲ್ಲಿ ಭಾಸ್ಕರನಿಗೆ ಎಚ್ಚರ ಬಂದದ್ದು ಒಂಬತ್ತು ದಿನಗಳ ಮೇಲೆ. ಕಾಲನ್ನು ತೊಡೆಯವರೆಗೆ ತೆಗೆದಿದ್ದರು. ತಲೆಗೆ ಬಿದ್ದ ಏಟಿನಿಂದ ರೇಸಿನ ಹೊತ್ತಿನ ನೆನಪು ಹೋಗಿತ್ತು. ಮಧ್ಯಾಹ್ನ ಬಿರಿಯಾನಿಯ ಪೊಟ್ಟಣ ಬಿಚ್ಚಿದ್ದು ಗೊತ್ತು, ಆಮೇಲಿನದು ಏನೂ ಇಲ್ಲ. ವರದಿಯಲ್ಲಿ ಇದ್ದದ್ದನ್ನು ಆಫೀಸಿನವರು ಅವನಿಗೆ ಹೇಳಿದ್ದರು. ನಾನು ಸೇಬು ಹಿಡಿದುಕೊಂಡು ಹೋಗಿ ಹಾಸಿಗೆಯ ಪಕ್ಕ ಕೂತೆ.

“ಪರ್ಬುಗಳೇ, ಒಂದ್ ಹೇಳಿ. ನಾನ್ ನಿಮ್ಮನ್ ಕೇಣ್ದೇ ಒಳಗ್ ಹೋದ್ನಾ?”

ನಾನು ಕಿಟಕಿಯ ಕಡೆಗೆ ನೋಡಿದೆ. “ನೀನು ಸ್ವಲ್ಪ ಅವಸರ ಮಾಡಿದೆ ಮಾರಾಯ” ಎಂದೆ.

ಅವನು ನನ್ನ ಕೈ ಹಿಡಿದು, “ನನ್ನಿಂದ ನಿಮ್ಗ್ ತೊಂದ್ರಿ ಆಯ್ತ್. ತಪ್ಪಾಯ್ತ್ ಪರ್ಬುಗಳೇ” ಎಂದ. ಕಾಲು ಕಳೆದುಕೊಂಡವನು ನನ್ನ ಹತ್ತಿರ ಕ್ಷಮೆ ಕೇಳಿದ. ನಾನು ಪರವಾಗಿಲ್ಲ ಎಂದೆ. ಇಡೀ ನನ್ನ ಬದುಕಿನಲ್ಲಿ ಅದಕ್ಕಿಂತ ನೀಚವಾದ ಮಾತು ನಾನು ಆಡಿಲ್ಲ.

ಅವನು ಗಂಗೊಳ್ಳಿಗೆ ಹೋದ. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಬಲೆ ಹೊಲಿದುಕೊಡುತ್ತಾ ಮನೆಯಲ್ಲೇ ಇದ್ದ. ಅವನ ಹೆಂಡತಿ ಗಿರಿಜಾ ಒಮ್ಮೆ ನನಗೆ ಹೇಳಿದಳು. “ಕಾಲ್ ಹೋದ್ದಕ್ಕೆ ಇವ್ರಿಗ್ ಬೇಜಾರಿಲ್ಲ. ಕೇಣ್ದೇ ಹೋದೆ ಅಲ್ದಾ ಅಂದ್ಕಂಡ್ ಒಬ್ರೇ ಮಾತಾಡ್ತ್ರ್. ಬೋಟಿನವ್ರ್ ಮುಖ ಕಾಂಬುಕೆ ನಾಚ್ಕಿ ಅಂಬ್ರ್.” ತಾಂಡೇಲನ ಮಾತು ಮೀರಿದವನು ಎಂದು ಬಂದರಿನಲ್ಲಿ ಯಾರೋ ತಮಾಷೆ ಮಾಡಿದ್ದರಂತೆ. ಅಂದಿನಿಂದ ಬಂದರಿಗೆ ಹೋಗುವುದನ್ನೇ ಬಿಟ್ಟಿದ್ದ.

ನಾನು ಚರ್ಚಿನಲ್ಲಿ ಪಾಪನಿವೇದನೆಗೆ ಕೂತೆ. ಪಾದ್ರಿಗಳು ಎಲ್ಲ ಕೇಳಿ, ‘ದೇವರಿಗೆ ಹೇಳಿದೆ, ಸರಿ. ಇನ್ನು ಅವನಿಗೆ ಹೇಳು’ ಎಂದರು. ಮುಂದಿನ ಸಲ ನಾನು ಬೇರೆ ಪಾದ್ರಿಗಳ ಸಾಲಿನಲ್ಲಿ ನಿಂತೆ. ಅವರೂ ಅದನ್ನೇ ಹೇಳಿದರು. ಆಮೇಲೆ ಪಾಪನಿವೇದನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹೀಗೆ ಏಳು ವರ್ಷ ಕಳೆಯಿತು. ನಿವೃತ್ತನಾಗಿ ಈಗ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಇಲ್ಲೂ ಒಂದು ಮಳೆ ಬಂತು. ನಮ್ಮ ಕಟ್ಟಡದ ಮುಂದೆ ಕಾರಿನ ಬಾಗಿಲ ಮಟ್ಟಕ್ಕೆ ನೀರು ನಿಂತಿತು. ಬಾಲ್ಕನಿಯಿಂದ ನೋಡಿದರೆ ಹಳದಿ ಕೋಟಿನ ಒಬ್ಬ ಕೆಲಸಗಾರ ನೀರಿನೊಳಗೆ ಬಗ್ಗಿ, ಕೈಯಿಂದ ತಡಕಾಡಿ ಚರಂಡಿಯ ಬಾಯಿ ಹುಡುಕುತ್ತಿದ್ದ. ಪಕ್ಕದಲ್ಲಿ ನಿಂತ ಮೊಮ್ಮಗಳು, “ಗ್ರ್ಯಾಂಡ್‌ಪಾ, ಹೂ ಟೋಲ್ಡ್ ಹಿಮ್ ಟು ಗೋ ಇನ್?” ಎಂದು ಕೇಳಿದಳು. ಅವಳಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಕೇಳಿದ್ದು. ನಾನು ಒ‍ಳಗೆ ಬಂದು ಹಾಸಿಗೆಯ ಮೇಲೆ ಕೂತೆ.

ಮೊದಲು ಹಳೆಯ ಕಂಪೆನಿಗೆ ಪತ್ರ ಬರೆದೆ. ಸರಿಯಾದ ಅನುವಾದವನ್ನು ಜೊತೆಗಿಟ್ಟೆ. ತಲುಪಿದೆ ಎಂದು ಎರಡು ಸಾಲಿನ ಉತ್ತರ ಬಂತು, ಆಮೇಲೆ ಏನೂ ಇಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಬಂದು ಗಂಗೊಳ್ಳಿಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಮುಗಿಯಿತು. ಆಮೇಲೆ ಎಲ್ಲವನ್ನೂ ಹೇಳಿದೆ. ಜಾಲರಿ, ಹಸಿರು ಗುರುತು, ನಾನು ಹೋಗು ಎಂದದ್ದು, ಸಾಹೇಬನಿಗೆ ಮೊದಲು ಉತ್ತರ ಕೊಟ್ಟದ್ದು, ಆ ಕೋಣೆ, ಆ ಹಾಳೆ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಹಾಂಗಾರೆ ನಾನ್ ಕೇಂಡಿದ್ದೆ, ಅಲ್ದಾ?” ಎಂದ.

“ಕೇಳಿದ್ದೆ ಭಾಸ್ಕರ. ನಾನೇ ಹೋಗು ಅಂದದ್ದು.”

ಅವನು ಫೋನನ್ನು ಕೆಳಗಿಟ್ಟ ಸದ್ದಾಯಿತು, ಕಟ್ ಮಾಡಲಿಲ್ಲ. ಊರುಗೋಲು ನೆಲಕ್ಕೆ ತಾಗುತ್ತಾ ಒಳಗೆ ಹೋಗುವುದು ಕೇಳಿಸಿತು. “ಗಿರಿಜಾ, ಏ ಗಿರಿಜಾ, ಇಲ್ಲ್ ಬಾ. ನಾನ್ ಕೇಂಡ್ಕಂಡೇ ಹೋದ್ದ್ ಅಂಬ್ರ್. ಕೇಂಡ್ಕಂಡೇ ಹೋದ್ದ್ ಕಾಣ್” ಎನ್ನುತ್ತಿದ್ದ. ಆಮೇಲೆ ದೊಡ್ಡ ಗಂಡಸೊಬ್ಬ ಅಳುವ ಸದ್ದು ಬಂತು. ಫೋನ್ ಕಿವಿಗೆ ಹಿಡಿದುಕೊಂಡೇ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಗಿರಿಜಾ ಬಂದು ಫೋನ್ ಎತ್ತಿಕೊಂಡಳು.

“ಪರ್ಬುಗಳೇ, ಇನ್ ನೀವ್ ಇಲ್ಲಿಗ್ ಫೋನ್ ಮಾಡ್ಬೇಡಿ” ಎಂದಳು.

ನಾನು ಮತ್ತೆ ಮಾಡಿಲ್ಲ. ಮೊನ್ನೆ ಊರಿನಿಂದ ಬಂದವರೊಬ್ಬರು ಹೇಳಿದರು, ಭಾಸ್ಕರ ಈಗ ದಿನವೂ ಬೆಳಿಗ್ಗೆ ಬಂದರಿಗೆ ಬಂದು ಬೋಟಿನವರ ನಡುವೆ ಕೂರುತ್ತಾನಂತೆ.